ಸುದ್ದಿಯಾದ ಶಾಲೆ, ಸುದ್ದಿಯಾಗದ ಮಕ್ಕಳು

ನರಗುಂದದ ಹೆಸರು ನಾಡಿನ ಪತ್ರಿಕೆಗಳ ಮೊದಲ ಪುಟಕ್ಕೆ ಬರುವುದು ಅಪರೂಪ. ಬಂದಾಗ ಮಾತ್ರ ಸಣ್ಣ ಕಾರಣಕ್ಕೆ ಬಂದದ್ದಿಲ್ಲ. 1858ರಲ್ಲಿ ದತ್ತಕದ ಹಕ್ಕನ್ನು ನಿರಾಕರಿಸಿದ ಆಂಗ್ಲರ ಮೇಲೆ ಬಾಬಾಸಾಹೇಬ ಭಾವೆಯವರು ಬಂಡೆದ್ದ ಕಥೆಯನ್ನು ಇಲ್ಲಿಯ ಮುದುಕರು ಕಣ್ಣಾರೆ ಕಂಡವರಂತೆ ಹೇಳುತ್ತಾರೆ. 1980ರ ಜುಲೈ 21ರಂದು ಮಲಪ್ರಭಾ ನೀರಾವರಿಯ ಕರಭಾರಕ್ಕೆ ಬೇಸತ್ತ ರೈತರು ಬೀದಿಗಿಳಿದರು, ಗೋಲೀಬಾರು ನಡೆಯಿತು, ರಾಜ್ಯದ ರಾಜಕಾರಣದ ದಿಕ್ಕೇ ಬದಲಾಯಿತು. 2015ರ ಮಳೆಗಾಲದಲ್ಲಿ ಮಹದಾಯಿಯ ನೀರಿಗಾಗಿ ಇಲ್ಲಿ ಹೂಡಿದ ಧರಣಿ ವರ್ಷಗಟ್ಟಲೆ ಎಳೆಯಿತು. ಬಂಡಾಯ, ಗುಂಡು, ನೀರು, ಇವುಗಳ ಹೊರತು ಹೊರಗಿನವರು ನರಗುಂದದ ಕಡೆಗೆ ಕತ್ತು ಹೊರಳಿಸಿ ನೋಡಿದ್ದು ಕಡಿಮೆ.

ಆದರೆ 2022ರ ಡಿಸೆಂಬರ್ 19ರ ಸೋಮವಾರ ಈ ತಾಲೂಕಿನ ಹದ್ಲಿ ಎಂಬ ಹಳ್ಳಿಯ ಹೆಸರು ದೇಶಕ್ಕೆಲ್ಲ ತಿಳಿದುಹೋಯಿತು. ಅಲ್ಲಿಯ ಸರಕಾರಿ ಮಾದರಿ ಪ್ರಾಥಮಿಕ ಶಾಲೆಯಲ್ಲಿ ಅತಿಥಿ ಶಿಕ್ಷಕನೊಬ್ಬನು ನಾಲ್ಕನೆಯ ಇಯತ್ತೆಯ ಬಾಲಕನನ್ನು ಸಲಿಕೆಯಿಂದ ಹೊಡೆದು, ಮೊದಲ ಮಹಡಿಯಿಂದ ಕೆಳಕ್ಕೆ ಎಸೆದನೆಂಬುದು ಪೊಲೀಸರು ದಾಖಲಿಸಿದ ಆಪಾದನೆ. ಬಾಲಕ ಬದುಕಲಿಲ್ಲ. ಅದೇ ಶಾಲೆಯಲ್ಲಿ ಪಾಠ ಹೇಳುತ್ತಿದ್ದ ಬಾಲಕನ ತಾಯಿಯೂ ಬಲವಾದ ಪೆಟ್ಟು ತಿಂದು ಆಸ್ಪತ್ರೆ ಸೇರಬೇಕಾಯಿತು. ಪರಾರಿಯಾಗಿದ್ದ ಆರೋಪಿಯನ್ನು ಪೊಲೀಸರು ಬಳಿಕ ಹಿಡಿದರು. ಆ ಬಾಲಕನ ಹೆಸರನ್ನು ಇಲ್ಲಿ ಬರೆಯಬೇಕಾದ ಅಗತ್ಯವಿಲ್ಲ. ಅಂದು ಬರೆದವರು ಬೇಕಾದಷ್ಟು ಮಂದಿ.

ರೋಣ, ನರಗುಂದ, ಗಜೇಂದ್ರಗಡ, ಈ ಮೂರು ತಾಲೂಕುಗಳ ಎರೆಯ ನಾಡಿನಲ್ಲಿ ನೂರಾರು ಶಾಲೆಗಳಿವೆ. ಅವುಗಳಲ್ಲಿ ಯಾವ ದಿನ ತೆಗೆದುಕೊಂಡರೂ ಒಂದಿಲ್ಲೊಂದು ಮಗು ಮತ್ತೊಬ್ಬರ ಕಾಟಕ್ಕೆ ಗುರಿಯಾಗಿ, ಗೋಡೆಯ ಕಡೆಗೆ ಮುಖ ಮಾಡಿ ಕಣ್ಣೊರೆಸಿಕೊಂಡಿರುತ್ತದೆ. ಹಾಗಾದರೆ ಒಂದು ಮಗುವಿನ ಸಂಕಟ ದಿಲ್ಲಿಯವರೆಗೆ ಮುಟ್ಟುವುದೂ ಇನ್ನೊಂದರ ಸಂಕಟ ಅದರ ಮನೆಯ ಹೊಸ್ತಿಲನ್ನೂ ಮುಟ್ಟದಿರುವುದೂ ಹೇಗೆ? ಹದ್ಲಿಯಲ್ಲಿ ನಡೆದದ್ದು ದೊಡ್ಡವನೊಬ್ಬನ ಕ್ರೌರ್ಯ. ಮಕ್ಕಳು ಮಕ್ಕಳನ್ನು ಕಾಡುವುದು ಬೇರೆ. ಆದರೂ ಎರಡರ ನಡುವೆ ಇರುವ ದೂರವನ್ನು ಅಳೆದು ನೋಡಿದರೆ ಪತ್ರಿಕೆಗಳ ಕಣ್ಣು ಎಲ್ಲಿ ತೆರೆಯುತ್ತದೆ, ಎಲ್ಲಿ ಮುಚ್ಚುತ್ತದೆ ಎಂಬುದು ಗೊತ್ತಾದೀತು.

ಮೂರು ದಿನಗಳ ಅಂತರ

ಹದ್ಲಿಯ ಘಟನೆಗೆ ಮೂರು ದಿನ ಮೊದಲು, ಡಿಸೆಂಬರ್ 16ರಂದು, ದಿಲ್ಲಿಯ ನಗರಪಾಲಿಕೆಯ ಶಾಲೆಯೊಂದರಲ್ಲಿ ಶಿಕ್ಷಕಿಯೊಬ್ಬಳು ಐದನೆಯ ಇಯತ್ತೆಯ ಬಾಲಕಿಯನ್ನು ಕತ್ತರಿಯಿಂದ ಹೊಡೆದು ಮೊದಲ ಮಹಡಿಯಿಂದ ಎಸೆದಳೆಂಬ ಸುದ್ದಿ ಬಂದಿತ್ತು. ಆ ಬಾಲಕಿ ಗಾಯಗೊಂಡು ಉಳಿದಳು. ರಾಜಧಾನಿಯ ವಾಹಿನಿಗಳ ಬಾಗಿಲಲ್ಲಿಯೇ ನಡೆದ ಸಂಗತಿಯಾದುದರಿಂದ ವಾರದ ಕೊನೆಯೆಲ್ಲ ಅದೇ ಚರ್ಚೆ. ಅದು ತಣ್ಣಗಾಗುವ ಮೊದಲೇ ಹದ್ಲಿಯ ಸುದ್ದಿ ಬಂತು. ಅದೇ ಮೊದಲ ಮಹಡಿ, ಅದೇ ಶಿಕ್ಷಕರ ಕೈ, ಅದೇ ಎಳೆಯ ವಯಸ್ಸು. ಒಂದು ಸುದ್ದಿ ಮತ್ತೊಂದಕ್ಕೆ ದಾರಿ ಮಾಡಿಟ್ಟಿತ್ತು. ದಿಲ್ಲಿಯದು ನಡೆಯದೆ ಇದ್ದಿದ್ದರೆ ಹದ್ಲಿಯ ವಾರ್ತೆ ಕರ್ನಾಟಕವನ್ನು ದಾಟುತ್ತಿರಲಿಲ್ಲವೆಂದು ಖಂಡಿತವಾಗಿ ಹೇಳಲಾಗದು. ಅಷ್ಟು ವೇಗವಾಗಿ ದಾಟುತ್ತಿರಲಿಲ್ಲವೆಂದು ಊಹಿಸಲು ಅಡ್ಡಿಯಿಲ್ಲ.

ಸುದ್ದಿಮನೆಯ ವ್ಯವಹಾರವನ್ನು ಬಲ್ಲವರಿಗೆ ಇದರಲ್ಲಿ ಆಶ್ಚರ್ಯವೇನೂ ಕಾಣದು. ರೋಣ, ಗಜೇಂದ್ರಗಡದಂಥ ಊರುಗಳಿಂದ ವಾರ್ತೆ ಕಳಿಸುವವರು ಬಹುಮಟ್ಟಿಗೆ ಅರೆಕಾಲದ ವರದಿಗಾರರು. ಜೊತೆಗೆ ಒಂದು ಅಂಗಡಿಯೋ ಒಕ್ಕಲುತನವೋ ಇರುತ್ತದೆ. ಅವರು ಬರೆದದ್ದು ಗದಗಿಗೆ, ಅಲ್ಲಿಂದ ಹುಬ್ಬಳ್ಳಿಗೆ, ಅಲ್ಲಿಂದ ಬೆಂಗಳೂರಿಗೆ ಏರುವಾಗ ಪ್ರತಿಯೊಂದು ಮೆಟ್ಟಿಲಲ್ಲಿಯೂ ಒಬ್ಬರು ಕುಳಿತು ಕೇಳುವ ಪ್ರಶ್ನೆ ಒಂದೇ: ಇದರಲ್ಲಿ ಹೊಸದೇನು? ಕೊಲೆಯಾದರೆ ಠಾಣೆಯಲ್ಲಿ ದಾಖಲೆಯಿರುತ್ತದೆ, ಹೊತ್ತು ಗೊತ್ತಿರುತ್ತದೆ, ಆಯುಧವಿರುತ್ತದೆ, ಕಟ್ಟಡದ ಚಿತ್ರ ತೆಗೆಯಬಹುದು, ಅಧಿಕಾರಿಯೊಬ್ಬರ ಹೇಳಿಕೆಯನ್ನು ನಂಬಿ ಅಚ್ಚು ಹಾಕಬಹುದು. ಶಾಲೆಯ ಹಿಂಬದಿಯಲ್ಲಿ ದಿನವೂ ಗುದ್ದು ತಿನ್ನುವ ಹುಡುಗನ ವಿಷಯದಲ್ಲಿ ಇವುಗಳಲ್ಲಿ ಒಂದೂ ಇಲ್ಲ. ಬರೆದರೆ ಹೆಡ್‌ಮಾಸ್ತರರು ಮುನಿಯುತ್ತಾರೆ. ಶಾಲಾ ಅಭಿವೃದ್ಧಿ ಸಮಿತಿಯ ಅಧ್ಯಕ್ಷರು ಮಗ್ಗುಲ ಮನೆಯವರೇ ಆಗಿರುತ್ತಾರೆ. ಗುದ್ದಿದ ಹುಡುಗನ ತಂದೆ ನಾಳೆ ಅಂಗಡಿಗೆ ಬರಬೇಕಾದ ಗಿರಾಕಿ. ಸಣ್ಣ ಊರಿನ ವರದಿಗಾರನನ್ನು ಹೇಡಿಯೆಂದು ಪೇಟೆಯಲ್ಲಿ ಕುಳಿತು ಜರೆಯುವುದು ಸುಲಭ. ಅವನು ಬಾಳಬೇಕಾದದ್ದು ಅದೇ ಊರಿನಲ್ಲಿ.

ಒಂದರ ಹಿಂದೆ ಒಂದು ಸಾಲುಗಟ್ಟುವ ಈ ಗುಣ ಮರುವರ್ಷವೂ ಕಂಡುಬಂತು. 2023ರ ಡಿಸೆಂಬರಿನಲ್ಲಿ ಕೋಲಾರ ಜಿಲ್ಲೆಯ ಮಾಲೂರು ತಾಲೂಕಿನ ವಸತಿ ಶಾಲೆಯೊಂದರ ಮಕ್ಕಳನ್ನು ಮಲದ ಗುಂಡಿಗೆ ಇಳಿಸಿದ ದೃಶ್ಯ ಹೊರಬಿತ್ತು. ನಾಲ್ಕು ದಿಕ್ಕಿನಿಂದ ಛೀಮಾರಿ, ಅಮಾನತು, ಬಂಧನ. ಕೆಲವೇ ದಿನಗಳಲ್ಲಿ ಬೆಂಗಳೂರಿನ ಅಂದ್ರಹಳ್ಳಿಯಿಂದ, ಆಮೇಲೆ ಶಿವಮೊಗ್ಗ ಜಿಲ್ಲೆಯಿಂದ, ಮಕ್ಕಳು ಶೌಚಾಲಯ ತೊಳೆಯುವ ಚಿತ್ರಗಳು ಬಂದವು. ಆ ಹದಿನೈದು ದಿನಗಳಲ್ಲಿಯೇ ರಾಜ್ಯದ ಶಾಲೆಗಳೆಲ್ಲ ಕೆಟ್ಟುಹೋದವೆಂದು ಯಾರೂ ನಂಬಲಾರರು. ಮೊದಲೂ ತೊಳೆಯುತ್ತಿದ್ದರು, ಅದು ಸುದ್ದಿಯೆಂದು ಕೈಯಲ್ಲಿ ದೂರವಾಣಿ ಹಿಡಿದವರಿಗೆ ಹೊಳೆದದ್ದು ಆಗ. ಹೊಸ ವರ್ಷ ಬಂದಿತು, ಬೇರೆ ಸುದ್ದಿ ಬಂದಿತು, ಚಿತ್ರಗಳು ನಿಂತವು.

ಹದ್ಲಿಯ ವಿಷಯದಲ್ಲಿ ಇನ್ನೊಂದು ಸಂಗತಿ ಗಮನಕ್ಕೆ ಬರುವಂಥದು. ಮೊದಲ ದಿನದ ವಾರ್ತೆ ಬಾಲಕನದು. ಎರಡನೆಯ ದಿನದಿಂದ ಬಾಲಕ ಹಿಂದೆ ಸರಿದ. ದೊಡ್ಡವರ ನಡುವೆ ಏನಿತ್ತು, ಏನಿರಲಿಲ್ಲ ಎಂಬ ಊಹೆಗಳು ಮುಂದೆ ಬಂದವು. ಆಸ್ಪತ್ರೆಯಲ್ಲಿ ಮಲಗಿದ್ದ ತಾಯಿಯ ಖಾಸಗಿ ಬದುಕನ್ನು ಕೆದಕುವುದಕ್ಕೆ ಬಹಳ ಮಂದಿಗೆ ಸಂಕೋಚವಾಗಲಿಲ್ಲ. ಓದುಗರಿಗೂ ಆಗಲಿಲ್ಲವೆನ್ನಬೇಕು, ಓದುವವರಿಲ್ಲದೆ ಬರೆಯುವವರಿಲ್ಲ. ಹತ್ತು ವರ್ಷದ ಹುಡುಗನೊಬ್ಬನು ಸತ್ತ ಮೇಲೂ ತನ್ನ ಕಥೆಯ ನಾಯಕನಾಗಿ ಎರಡು ದಿನ ಉಳಿಯಲಾರದೆ ಹೋದನು.

ಹೆಸರಿಲ್ಲದ ಕಾಟ

ಈಗ ಇನ್ನೊಂದು ಮನೆಯನ್ನು ವಾಚಕರು ಕಲ್ಪಿಸಿಕೊಳ್ಳಬಹುದು. ಗಜೇಂದ್ರಗಡವೆಂದೇ ಇಟ್ಟುಕೊಳ್ಳೋಣ. 2018ರಲ್ಲಿ ರೋಣದಿಂದ ಬೇರೆಯಾಗಿ ತಾನೇ ತಾಲೂಕಾದ ಊರು; ಮೇಲೆ ಗುಡ್ಡದ ಕೋಟೆ, ಓಣಿಗಳಲ್ಲಿ ಮಗ್ಗದ ಸಪ್ಪಳ. ಹುಡುಗನಿಗೆ ಹನ್ನೊಂದು ವರ್ಷ. ತಂದೆತಾಯಿ ಗೋವೆಗೆ ದುಡಿಯಲು ಗುಳೆ ಹೋಗಿದ್ದಾಗ ಒಂದು ವರ್ಷ ಶಾಲೆ ತಪ್ಪಿದೆ. ಆದುದರಿಂದ ತನಗಿಂತ ಚಿಕ್ಕವರ ಜೊತೆಗೆ ಕುಳಿತಿದ್ದಾನೆ. ಮಾತಿನಲ್ಲಿ ಅಷ್ಟಿಷ್ಟು ಕೊಂಕಣಿ ಬೆರೆತಿದೆ. ಮೊದಲ ದಿನವೇ ಅವನಿಗೆ ‘ಗೋವಾ’ ಎಂದು ಹೆಸರು ಬಿತ್ತು. ಬಿಸಿಯೂಟದ ಸಾಲಿನಲ್ಲಿ ಅವನ ತಟ್ಟೆಯನ್ನು ಹಿಂದಕ್ಕೆ ದೂಡುತ್ತಾರೆ. ಬೋರಿಂಗಿನ ಬಳಿ ನೀರು ಕುಡಿಯಲು ಬಾಗಿದರೆ ಹಿಂದಿನಿಂದ ತಳ್ಳುತ್ತಾರೆ. ಪಾಟಿಚೀಲ ಒಮ್ಮೆ ಮಾವಿನ ಮರದ ಮೇಲೆ, ಒಮ್ಮೆ ಗಟಾರದಲ್ಲಿ. ಅವನು ಈಗ ಅಗಸಿಯ ಹತ್ತಿರದ ದಾರಿಯನ್ನು ಬಿಟ್ಟು ದೊಡ್ಡ ಸುತ್ತು ಹಾಕಿ ಮನೆಗೆ ಬರುತ್ತಾನೆ.

“ಯಾಕಪಾ, ಸಾಲಿಗೆ ಹೋಗಂಗಿಲ್ಲೇನು?” ಎಂದು ಅವ್ವ ಕೇಳುತ್ತಾಳೆ.

“ಹೊಟ್ಟಿ ನೋವಬೇ.”

“ಸೋಮವಾರ ಬಂದ್ರ ಸಾಕು, ಇವಂಗ ಹೊಟ್ಟಿ ನೋವು.”

ಅಪ್ಪನ ಕಿವಿಗೆ ಬಿದ್ದರೆ, “ಹುಡುಗೂರಂದಮ್ಯಾಲ ಚ್ಯಾಷ್ಟಿ ಇರೂದ. ನೀನೂ ಎರಡು ಕೊಡಬೇಕಿತ್ತಿಲ್ಲೋ” ಎನ್ನುತ್ತಾನೆ. ಗುರುಗಳಿಗೆ ಹೇಳಿದರೆ, “ಚಾಡಿ ಹೇಳಾಕ ಬಂದೇನು?” ಎಂಬ ಮಾತು. ಮೂವರಲ್ಲಿ ಯಾರೂ ಕೆಟ್ಟವರಲ್ಲ. ಮೂವರಿಗೂ ತಮ್ಮ ಬಾಲ್ಯದಲ್ಲಿ ಇಂಥದೇ ಆಗಿತ್ತು. ತಾವು ಅದನ್ನು ದಾಟಿ ಬಂದೆವೆಂಬ ನೆನಪು ಉಳಿದಿದೆ, ದಾಟುವಾಗಿನ ನೋವು ಮರೆತಿದೆ.

ಈ ಸೀಮೆಯಲ್ಲಿ ಅಡ್ಡಹೆಸರೆಂದರೆ ಮನೆತನದ ಹೆಸರು. ಮೆಣಸಿನಕಾಯಿ, ಉಳ್ಳಾಗಡ್ಡಿ, ಬೆಲ್ಲದ: ಹೊರಗಿನವರಿಗೆ ಮುಗುಳುನಗೆ ತರುವ ಹೆಸರುಗಳು. ತರಗತಿಯಲ್ಲಿ ಹಾಜರಿ ಕರೆದಾಗ ಎದ್ದು ನಿಲ್ಲುವ ಮಗುವಿಗೆ ಮಾತ್ರ ಪ್ರತಿದಿನದ ನಗೆ ಅಷ್ಟು ಹಗುರವಾಗಿರಲಾರದು. ಇವಾದರೂ ವಾಸಿ. ಕುಲಕಸುಬನ್ನು ಸಾರುವ ಹೆಸರುಗಳಿವೆ. ಅಲ್ಲಿ ನಗೆಯ ಕೆಳಗೆ ಇನ್ನೇನೋ ಇರುತ್ತದೆ. ಯಾರು ಯಾರ ಪಕ್ಕದಲ್ಲಿ ಕೂಡಬೇಕು, ಯಾರ ನೀರಿನ ಬಾಟಲಿಯನ್ನು ಯಾರು ಮುಟ್ಟಬಾರದು ಎಂಬುದನ್ನು ಮಕ್ಕಳು ಶಾಲೆಯಲ್ಲಿ ಕಲಿತು ಬಂದುದಲ್ಲ. ಮನೆಯಿಂದ ಕಟ್ಟಿಕೊಂಡು ಬಂದ ಬುತ್ತಿ ಅದು.

ಇದಕ್ಕೆಲ್ಲ ಕನ್ನಡದಲ್ಲಿ ಒಂದೇ ಹೆಸರು ಹುಡುಕಹೊರಟರೆ ತೊಡಕಾಗುತ್ತದೆ. ಚೇಷ್ಟೆ, ಕೀಟಲೆ, ಗೇಲಿ ಎಂದರೆ ತೀರ ಹಗುರ. ಪೀಡನೆ, ದೌರ್ಜನ್ಯವೆಂದರೆ ಕೋರ್ಟಿನ ಮಾತು. ಮಕ್ಕಳು ತಾವೇ ಆಡುವ ಮಾತು “ಕಾಡತಾರ” ಎಂಬುದು. ದೆವ್ವ ಕಾಡುತ್ತದೆ, ಸಾಲ ಕಾಡುತ್ತದೆ, ನೆನಪು ಕಾಡುತ್ತದೆ; ಹುಡುಗರೂ ಕಾಡುತ್ತಾರೆ. ಬಿಟ್ಟುಹೋಗದಿರುವುದೇ ಅದರ ಅರ್ಥ. ಇಷ್ಟು ಒಳ್ಳೆಯ ಪದವಿದ್ದೂ ಅದು ಪತ್ರಿಕೆಯ ತಲೆಬರಹಕ್ಕೆ ಏರಲಿಲ್ಲ. ಕಾಲೇಜುಗಳಲ್ಲಿ ನಡೆಯುವುದಕ್ಕೆ ‘ರ‍್ಯಾಗಿಂಗ್’ ಎಂಬ ಹೆಸರು ಸಿಕ್ಕಿತು. ಹೆಸರು ಸಿಕ್ಕದ್ದರಿಂದ 1983ರ ಕರ್ನಾಟಕ ಶಿಕ್ಷಣ ಕಾಯಿದೆಯಲ್ಲಿ ಅದಕ್ಕೆ ಶಿಕ್ಷೆಯೂ ಸಿಕ್ಕಿತು. ಚಿಕ್ಕ ಮಕ್ಕಳ ಕಾಟ ಮಾತ್ರ ಚೇಷ್ಟೆಯಾಗಿಯೇ ಉಳಿಯಿತು.

ಸ್ವೀಡನ್ ದೇಶದಲ್ಲಿಯೂ ಹೀಗೆಯೇ ಇತ್ತಂತೆ. 1969ರಲ್ಲಿ ಪೀಟರ್ ಪಾಲ್ ಹೈನೆಮನ್ ಎಂಬ ವೈದ್ಯರು ಮಕ್ಕಳ ಗುಂಪು ಒಬ್ಬನ ಮೇಲೆ ಬೀಳುವುದಕ್ಕೆ ‘ಮೊಬ್ನಿಂಗ್’ ಎಂಬ ಪದವನ್ನು ಬಳಕೆಗೆ ತಂದರು. ಪದ ಬಂದ ಮೇಲೆ ಪತ್ರಿಕೆಗಳು ಬರೆದವು, ತಾಯಂದಿರು ಮಾತಾಡಿದರು. ಅಲ್ಲಿಂದ ಮುಂದೆ ಡಾನ್ ಓಲ್ವೇಯಸ್ ಎಂಬ ಮನಶ್ಶಾಸ್ತ್ರಜ್ಞರು ಜೀವಮಾನವೆಲ್ಲ ಇದನ್ನೇ ಅಭ್ಯಾಸ ಮಾಡಿ ಮೂರು ಲಕ್ಷಣಗಳನ್ನು ಹೇಳಿದರು: ನೋಯಿಸುವ ಉದ್ದೇಶವಿರಬೇಕು; ಮತ್ತೆ ಮತ್ತೆ ನಡೆಯಬೇಕು; ನೋಯಿಸುವವನಿಗೂ ನೋಯುವವನಿಗೂ ಬಲದಲ್ಲಿ ಅಂತರವಿರಬೇಕು. ಇವುಗಳಲ್ಲಿ ಎರಡನೆಯದನ್ನು ನೋಡಿದೊಡನೆ ಪತ್ರಿಕೆಗಳ ಕುರುಡು ಎಲ್ಲಿದೆಯೆಂಬುದು ತಿಳಿಯುತ್ತದೆ. ಸುದ್ದಿಗೆ ಬೇಕಾದದ್ದು ಹೊಸತು. ಕಾಟದ ಲಕ್ಷಣವೇ ನಿನ್ನೆಯದು ಇಂದೂ ನಡೆಯುವುದು. ಮೂವತ್ತನೆಯ ಸಲ ಪಾಟಿಚೀಲ ಗಟಾರಕ್ಕೆ ಬಿದ್ದುದನ್ನು ಯಾವ ಸಂಪಾದಕರು ಅಚ್ಚು ಹಾಕಿಯಾರು? ಆ ಹುಡುಗನಿಗಾದರೋ ಮೂವತ್ತನೆಯದೇ ಮೊದಲನೆಯದಕ್ಕಿಂತ ಭಾರ.

ಎಷ್ಟು ಮಕ್ಕಳ ಮಾತು ಇದು? ಯುನೆಸ್ಕೋ ಸಂಸ್ಥೆ 2019ರಲ್ಲಿ ಪ್ರಕಟಿಸಿದ ವರದಿಯಂತೆ ಜಗತ್ತಿನ ವಿದ್ಯಾರ್ಥಿಗಳಲ್ಲಿ ಸರಿಸುಮಾರು ಮೂವರಲ್ಲಿ ಒಬ್ಬರು ಹಿಂದಿನ ಒಂದು ತಿಂಗಳಲ್ಲಿ ಒಮ್ಮೆಯಾದರೂ ಸಹಪಾಠಿಗಳ ಕಾಟಕ್ಕೆ ಗುರಿಯಾಗಿದ್ದರು. ಮೂವರಲ್ಲಿ ಒಬ್ಬರಿಗೆ ಆಗುವಂಥದು ಸುದ್ದಿಯಾಗದು. ಊರಿಗೆಲ್ಲ ನೆಗಡಿ ಬಂದರೆ ಯಾರೂ ಬರೆಯುವುದಿಲ್ಲ.

ಗಡಿ ದಾಟಿದ ಮೇಲೆ

ನಡೆದ ಊರಿನಲ್ಲಿ ಮುಚ್ಚಿಹೋದದ್ದು ಬೇರೆ ಊರಿನಲ್ಲಿ ಬಯಲಾಗುವುದೂ ಉಂಟು. 2016ರ ಮೇ ತಿಂಗಳಲ್ಲಿ ಕಲಬುರಗಿಯ ನರ್ಸಿಂಗ್ ಕಾಲೇಜೊಂದರಲ್ಲಿ ಕಲಿಯುತ್ತಿದ್ದ ಕೇರಳದ ದಲಿತ ವಿದ್ಯಾರ್ಥಿನಿಗೆ ಹಿರಿಯ ವಿದ್ಯಾರ್ಥಿನಿಯರು ಶೌಚಾಲಯ ತೊಳೆಯುವ ದ್ರಾವಣವನ್ನು ಬಲವಂತವಾಗಿ ಕುಡಿಸಿದರೆಂಬ ಆಪಾದನೆ ಬಂದಿತು. ಅನ್ನನಾಳ ಸುಟ್ಟಿತ್ತು. ಕಲಬುರಗಿಯಲ್ಲಿ ಚಿಕಿತ್ಸೆ ನಡೆದ ದಿನಗಳಲ್ಲಿ ಹೊರಗಿನ ಲೋಕಕ್ಕೆ ಏನೂ ತಿಳಿಯಲಿಲ್ಲ. ಆಕೆ ತನ್ನ ನಾಡಿಗೆ ಮರಳಿ ಕೋಳಿಕೋಡಿನ ವೈದ್ಯಕೀಯ ಕಾಲೇಜಿನ ಆಸ್ಪತ್ರೆ ಸೇರಿದ ಮೇಲೆ, ಜೂನ್ ತಿಂಗಳಲ್ಲಿ, ಮಲಯಾಳದ ಪತ್ರಿಕೆಗಳು ಎತ್ತಿಕೊಂಡವು. ಅಲ್ಲಿಂದ ಸುದ್ದಿ ತಿರುಗಿ ಕರ್ನಾಟಕಕ್ಕೆ ಬಂತು. ಕನ್ನಡ ನೆಲದಲ್ಲಿ ನಡೆದುದನ್ನು ಕನ್ನಡಿಗರು ಕೋಳಿಕೋಡಿನಿಂದ ಕೇಳಿ ತಿಳಿಯಬೇಕಾಯಿತು. ಮಗಳ ಪರವಾಗಿ ಗಟ್ಟಿಯಾಗಿ ಕೇಳುವ ಬಂಧುಗಳು, ನೆರೆಯವರು, ಅದೇ ಭಾಷೆಯ ಪತ್ರಿಕೆಗಳು ಇದ್ದುದು ಅಲ್ಲಿ. ಪರಸ್ಥಳದ ಹಾಸ್ಟೆಲಿನಲ್ಲಿ ಆಕೆಗೆ ಯಾರಿದ್ದರು?

ಮಾತಾಡುವ ಹಿರಿಯರೊಬ್ಬರು ಬೇಕೆಂಬುದಕ್ಕೆ ಇನ್ನೂ ದೊಡ್ಡ ನಿದರ್ಶನವಿದೆ. 2009ರ ಮಾರ್ಚಿಯಲ್ಲಿ ಹಿಮಾಚಲ ಪ್ರದೇಶದ ಟಾಂಡಾದ ವೈದ್ಯಕೀಯ ಕಾಲೇಜಿನಲ್ಲಿ ಮೊದಲ ವರ್ಷದ ವಿದ್ಯಾರ್ಥಿಯೊಬ್ಬ ಹಿರಿಯರ ಹೊಡೆತದಿಂದ ಸತ್ತನು. ಅವನ ತಂದೆ ಅಲ್ಲಿಗೇ ಬಿಡಲಿಲ್ಲ. ಕೋರ್ಟು, ಸರಕಾರ, ಪತ್ರಿಕೆಗಳ ಬಾಗಿಲುಗಳನ್ನು ಬಡಿಯುತ್ತಲೇ ಇದ್ದರು. ಅದೇ ವರ್ಷ ವಿಶ್ವವಿದ್ಯಾಲಯ ಧನಸಹಾಯ ಆಯೋಗದ ನಿಯಮಾವಳಿ ಹೊರಬಂತು, ಸಹಾಯವಾಣಿ ಬಂತು, ಇಂದು ಕಾಲೇಜು ಸೇರುವ ಪ್ರತಿಯೊಬ್ಬ ವಿದ್ಯಾರ್ಥಿಯೂ ಒಪ್ಪಿಗೆಯ ಪತ್ರ ಬರೆದುಕೊಡಬೇಕಾಗಿದೆ. ಆದರೆ ಅದರ ವ್ಯಾಪ್ತಿ ಕಾಲೇಜಿನ ಹೊಸ್ತಿಲಿಗೆ ಮುಗಿಯುತ್ತದೆ. ಕೇಂದ್ರೀಯ ಪ್ರೌಢಶಿಕ್ಷಣ ಮಂಡಳಿಯು ತನ್ನ ಶಾಲೆಗಳಿಗೆ 2015ರಲ್ಲಿ ಇಂಥ ಸುತ್ತೋಲೆ ಕಳಿಸಿತು. ಹದ್ಲಿಯಂಥ ಊರಿನ ಶಾಲೆ ಆ ಮಂಡಳಿಗೆ ಸೇರಿದುದಲ್ಲ.

ಪತ್ರಿಕೆಗಳ ಗಮನದಿಂದ ಚಿಕ್ಕ ಮಕ್ಕಳಿಗೆ ಹಿತವಾದ ಉದಾಹರಣೆಯೂ ಇಲ್ಲದಿಲ್ಲ. 1982ರ ಕೊನೆಯಲ್ಲಿ ನಾರ್ವೆ ದೇಶದ ಪತ್ರಿಕೆಯೊಂದು ಉತ್ತರ ಭಾಗದ ಮೂವರು ಬಾಲಕರು ಪ್ರಾಣ ಕಳೆದುಕೊಂಡುದನ್ನೂ ಅದಕ್ಕೆ ಸಹಪಾಠಿಗಳ ಕಾಟವೇ ಕಾರಣವಾಗಿರಬೇಕೆಂಬುದನ್ನೂ ವರದಿ ಮಾಡಿತು. ಆ ಮಕ್ಕಳು ಹತ್ತರಿಂದ ಹದಿನಾಲ್ಕು ವರ್ಷದವರು. ದೇಶ ತಲ್ಲಣಿಸಿತು. ಆದರೆ ಅಲ್ಲಿಯ ಶಿಕ್ಷಣ ಇಲಾಖೆ ಯಾರನ್ನೋ ಅಮಾನತು ಮಾಡಿ ಕೈತೊಳೆದುಕೊಳ್ಳಲಿಲ್ಲ; 1983ರಲ್ಲಿ ದೇಶದ ಎಲ್ಲ ಶಾಲೆಗಳಿಗೂ ಒಂದು ಕಾರ್ಯಕ್ರಮವನ್ನು ಹಮ್ಮಿಕೊಂಡಿತು. ಓಲ್ವೇಯಸ್‌ರು ಬೆರ್ಗೆನ್ ನಗರದ ಸುಮಾರು 2500 ಮಕ್ಕಳನ್ನು ಎರಡು ವರ್ಷಗಳ ಕಾಲ ಗಮನಿಸಿ, ಕಾಟ ಸುಮಾರು ಅರ್ಧಕ್ಕೆ ಇಳಿದುದನ್ನು ದಾಖಲಿಸಿದರು. ಅವರು ಹೇಳಿದ ಉಪಾಯಗಳಲ್ಲಿ ಪವಾಡವೇನೂ ಇರಲಿಲ್ಲ. ಬಿಡುವಿನ ವೇಳೆಯಲ್ಲಿ ಶಿಕ್ಷಕರು ಕೋಣೆಯಲ್ಲಿ ಕುಳಿತು ಚಹ ಕುಡಿಯದೆ ಅಂಗಳದಲ್ಲಿ ನಿಲ್ಲಬೇಕು. ತರಗತಿಯಲ್ಲಿ ವಾರಕ್ಕೊಮ್ಮೆ ಈ ವಿಷಯವಾಗಿಯೇ ಮಾತುಕತೆಯಾಗಬೇಕು. ಕಾಡಿದವನನ್ನೂ ಅವನ ತಂದೆತಾಯಿಗಳನ್ನೂ ಕರೆಸಿ ಕೂಡಿಸಬೇಕು. ಅಂಗಳದಲ್ಲಿ ನಿಲ್ಲುವುದಕ್ಕೆ ಆಳು ಬೇಕೆಂಬುದು ನಿಜ. ಇಬ್ಬರು ಶಿಕ್ಷಕರು ಐದು ಇಯತ್ತೆ ನೋಡಿಕೊಂಡು, ಅಕ್ಕಿ-ಬೇಳೆಯ ಲೆಕ್ಕವನ್ನೂ ಬರೆಯಬೇಕಾದ ಕಡೆ ಈ ಮಾತು ಕೊಂಚ ಕಹಿಯಾಗಿ ಕೇಳಿಸೀತು.

ಗಮನ ದಾರಿ ತಪ್ಪಿದರೆ ಏನಾಗುತ್ತದೆಂಬುದನ್ನು 2017ರಲ್ಲಿ ದೇಶ ಕಂಡಿತು. ಗುರುಗ್ರಾಮದ ಖಾಸಗಿ ಶಾಲೆಯಲ್ಲಿ ಏಳು ವರ್ಷದ ಬಾಲಕನ ಕೊಲೆಯಾಯಿತು. ಜನರ ಆಕ್ರೋಶ, ಕ್ಯಾಮೆರಾಗಳ ಸಾಲು. ಆ ದಿನವೇ ಶಾಲೆಯ ಬಸ್ಸಿನ ಕಂಡಕ್ಟರನನ್ನು ಪೊಲೀಸರು ಬಂಧಿಸಿದರು. ಅವನೇ ಕೊಲೆಗಾರನೆಂದು ಮನೆಮನೆಯಲ್ಲಿ ತೀರ್ಪಾಯಿತು. ಎರಡು ತಿಂಗಳ ಬಳಿಕ ಕೇಂದ್ರ ತನಿಖಾ ದಳವು ಅದೇ ಶಾಲೆಯ ಹನ್ನೊಂದನೆಯ ತರಗತಿಯ ವಿದ್ಯಾರ್ಥಿಯನ್ನು ವಶಕ್ಕೆ ತೆಗೆದುಕೊಂಡಿತು. 2018ರ ಫೆಬ್ರುವರಿಯಲ್ಲಿ ಕಂಡಕ್ಟರನನ್ನು ನ್ಯಾಯಾಲಯ ಮೊಕದ್ದಮೆಯಿಂದ ಬಿಡುಗಡೆ ಮಾಡಿತು. ಬಿಡುಗಡೆಯ ಸುದ್ದಿ ಬಂಧನದ ಸುದ್ದಿಯಷ್ಟು ದೊಡ್ಡ ಅಕ್ಷರಗಳಲ್ಲಿ ಬಂದ ನೆನಪು ಯಾರಿಗೂ ಇರಲಿಕ್ಕಿಲ್ಲ.

ಮಕ್ಕಳ ನಡುವಿನ ಜಗಳ ಸಾವಿನಲ್ಲಿ ಮುಗಿದಾಗ ಕನ್ನಡ ಪತ್ರಿಕೆಗಳಿಗೆ ಒಂದು ಸಿದ್ಧ ಮಾತಿದೆ: ‘ಕ್ಷುಲ್ಲಕ ಕಾರಣಕ್ಕೆ’. 2025ರ ಮೇ ತಿಂಗಳಲ್ಲಿ ಹುಬ್ಬಳ್ಳಿಯಲ್ಲಿ ಆರನೆಯ ಇಯತ್ತೆಯ ಹುಡುಗನೊಬ್ಬ ಜೊತೆಗಾಡುತ್ತಿದ್ದ ಹಿರಿಯ ಬಾಲಕನನ್ನು ಚಾಕುವಿನಿಂದ ಇರಿದಾಗ ಇಡೀ ಸೀಮೆ ಬೆಚ್ಚಿತು. ಆಟದಲ್ಲಿ ಮಾತಿಗೆ ಮಾತು ಬೆಳೆಯಿತೆಂದು ವರದಿ ಹೇಳಿತು. ಅದಕ್ಕೂ ಹಿಂದಕ್ಕೆ ಹೋಗುವ ವ್ಯವಧಾನ ದಿನಪತ್ರಿಕೆಗೆ ಇರುವುದಿಲ್ಲ. ಯಾವ ಕಾರಣ ಕ್ಷುಲ್ಲಕವೆಂಬುದನ್ನು ಗೊತ್ತುಮಾಡುವವರು ಯಾವಾಗಲೂ ದೊಡ್ಡವರು.

ಪೆಟ್ಟಿಗೆಯ ಕೀಲಿ

ಕಾಯಿದೆಗಳು ಇಲ್ಲವೆಂದಲ್ಲ. 2009ರ ಶಿಕ್ಷಣ ಹಕ್ಕಿನ ಕಾಯಿದೆಯ 17ನೆಯ ಕಲಮು ಮಗುವಿಗೆ ದೈಹಿಕ ಶಿಕ್ಷೆಯನ್ನೂ ಮಾನಸಿಕ ಹಿಂಸೆಯನ್ನೂ ನಿಷೇಧಿಸುತ್ತದೆ. 2015ರ ಬಾಲನ್ಯಾಯ ಕಾಯಿದೆಯ 74ನೆಯ ಕಲಮಿನಂತೆ ಬಲಿಯಾದ ಮಗುವಿನ, ಸಾಕ್ಷಿಯಾದ ಮಗುವಿನ, ತಪ್ಪೆಸಗಿದ ಮಗುವಿನ ಹೆಸರು, ವಿಳಾಸ, ಶಾಲೆ, ಚಿತ್ರ ಯಾವುದನ್ನೂ ಗುರುತು ಸಿಗುವಂತೆ ಪ್ರಕಟಿಸಕೂಡದು. ಹೀಗಿದ್ದೂ ದೊಡ್ಡ ಸುದ್ದಿಗಳಲ್ಲಿ ಮಕ್ಕಳ ಭಾವಚಿತ್ರಗಳು ಬರುತ್ತಲೇ ಇರುತ್ತವೆ. ಮುಖವಿಲ್ಲದ ದುಃಖವನ್ನು ಯಾರೂ ನೋಡುವುದಿಲ್ಲವೆಂಬುದು ಸುದ್ದಿಮನೆಯ ವಾದ. ಆ ವಾದದಲ್ಲಿ ಕೊಂಚ ಸತ್ಯವಿರುವುದೇ ಅದರ ಅಪಾಯ.

ಕರ್ನಾಟಕದಲ್ಲಿ 2016ರ ಮಕ್ಕಳ ರಕ್ಷಣಾ ನೀತಿಯಂತೆ ಶಾಲೆಗಳಲ್ಲಿ ದೂರಿನ ಪೆಟ್ಟಿಗೆಯಿರಬೇಕು, ಸಮಿತಿಯಿರಬೇಕು. ಪೆಟ್ಟಿಗೆ ಅನೇಕ ಕಡೆ ಗೋಡೆಯ ಮೇಲಿದೆ. ಅದರ ಕೀಲಿ ಯಾರ ಕೈಯಲ್ಲಿದೆಯೆಂಬುದನ್ನು ಮಕ್ಕಳು ಬಲ್ಲರು. ಮೂವತ್ತು ಮಕ್ಕಳ ಶಾಲೆಯಲ್ಲಿ ಯಾರ ಅಕ್ಷರ ಯಾರದೆಂದು ಗುರುಗಳಿಗೆ ಗೊತ್ತಾಗದೆ ಇರುವುದಿಲ್ಲ. ಚೀಟಿ ಹಾಕುವುದನ್ನು ಕಾಡುವ ಹುಡುಗ ನೋಡಿದನೆಂದರೆ ಆ ಸಂಜೆಯೇ ಅದರ ಬೆಲೆ ತೆರಬೇಕು. ಇದಕ್ಕಿಂತ ಮಕ್ಕಳ ಗ್ರಾಮಸಭೆಗಳು ವಾಸಿ. 2006ರ ಸುಮಾರಿನಿಂದ ಪಂಚಾಯತಿಗಳು ವರ್ಷಕ್ಕೊಮ್ಮೆ ನಡೆಸಬೇಕಾದ ಈ ಸಭೆಗಳಲ್ಲಿ ಮಕ್ಕಳು ಎದ್ದುನಿಂತು ಶೌಚಾಲಯವಿಲ್ಲ, ಬಸ್ಸು ನಿಲ್ಲುವುದಿಲ್ಲ, ಶಾಲೆಯ ದಾರಿಯಲ್ಲಿ ಸಾರಾಯಿ ಅಂಗಡಿಯಿದೆ ಎಂದು ಹಿರಿಯರ ಮುಖಕ್ಕೇ ಹೇಳುವುದುಂಟು. ಇವನು ನನ್ನನ್ನು ಕಾಡುತ್ತಾನೆ ಎಂದು ಮಾತ್ರ ಅಲ್ಲಿಯೂ ಯಾವ ಮಗುವೂ ಹೇಳಲಾರದು. ಇವನು ಅಲ್ಲಿಯೇ, ಎರಡನೆಯ ಸಾಲಿನಲ್ಲಿ, ಕುಳಿತಿರುತ್ತಾನೆ. 1098 ಎಂಬ ಮಕ್ಕಳ ಸಹಾಯವಾಣಿಗೆ ದುಡ್ಡಿಲ್ಲದೆ ಕರೆ ಮಾಡಬಹುದು. ಅದಕ್ಕೆ ಮನೆಯ ದೂರವಾಣಿ ಕೈಗೆ ಸಿಗಬೇಕು, ಮಾತಾಡುವಾಗ ಪಕ್ಕದಲ್ಲಿ ಯಾರೂ ಇರಬಾರದು. ಒಂದೇ ಕೋಣೆಯ ಮನೆಯಲ್ಲಿ ಇದು ಸಣ್ಣ ಸಂಗತಿಯಲ್ಲ.

ಹದ್ಲಿಗೆ ಮರಳಿದರೆ, ಅಂದಿನ ಚಿತ್ರಗಳಲ್ಲಿ ಶಾಲೆಯ ಕಟ್ಟಡವಿತ್ತು, ಪೊಲೀಸರಿದ್ದರು, ಊರ ಜನರಿದ್ದರು. ಉಳಿದ ಮಕ್ಕಳ ವಿಷಯವನ್ನು ಹೆಚ್ಚು ಮಂದಿ ಕೇಳಲಿಲ್ಲ. ಅದು ತರಗತಿಗಳು ನಡೆಯುವ ದಿನ. ಸತ್ತವನು ಅವರ ಬೆಂಚಿನವನು, ಅವರ ಆಟದವನು. ಆರೋಪಿ ನಿನ್ನೆಯವರೆಗೆ ಅವರು ಎದ್ದುನಿಂತು “ನಮಸ್ತೇರೀ ಸರ” ಎಂದವನು. ಕ್ಯಾಮೆರಾದ ಗಾಡಿಗಳು ಗದಗದ ಕಡೆಗೆ ಹೊರಟ ಮೇಲೆ ಆ ಮಕ್ಕಳು ಅದೇ ಮೆಟ್ಟಿಲು ಹತ್ತಿ, ಅದೇ ಕಟಾಂಜನದ ಪಕ್ಕದಿಂದ ಹಾಯ್ದು ತರಗತಿಗೆ ಹೋಗಬೇಕಾಗಿತ್ತು. ಅವರಲ್ಲಿ ನಾಲ್ಕನೆಯ ಇಯತ್ತೆಯವರಾಗಿದ್ದವರು ಈಗ ಪ್ರೌಢಶಾಲೆಯ ವಯಸ್ಸಿನವರು.

ಗಜೇಂದ್ರಗಡದ ಆ ಕಲ್ಪಿತ ಮನೆಯಲ್ಲಿ ಮತ್ತೆ ಸೋಮವಾರ ಬರುತ್ತದೆ. ಹುಡುಗ ಚಾಪೆಯ ಮೇಲೆ ಹೊಟ್ಟೆ ಹಿಡಿದು ಕುಳಿತಿದ್ದಾನೆ. ಅವ್ವ ರೊಟ್ಟಿ ಬಡಿಯುತ್ತ, ಅವನ ಕಾಲಿನ ಕಡೆಗೆ ನೋಡುತ್ತಾಳೆ. ಅಗಸಿಯ ದಾರಿಯಲ್ಲಿ ಕೆಂಪು ಮಣ್ಣಿಲ್ಲ. ಗುಡ್ಡದ ಸುತ್ತಿನ ದಾರಿಯಲ್ಲಿದೆ. ಅವನ ಚಪ್ಪಲಿಯ ಅಂಚೆಲ್ಲ ಕೆಂಪು.

“ದಿನಾ ಯಾವ ಹಾದೀಲೆ ಬರ್ತೀಯೋ, ತಮ್ಮಾ?” ಎಂದು ಕೇಳುತ್ತಾಳೆ.

ಹುಡುಗ ಉತ್ತರ ಕೊಡುವುದಿಲ್ಲ. ಅವ್ವ ಒಲೆಯ ಉರಿ ತಗ್ಗಿಸಿ, ಕೈಯ ಹಿಟ್ಟು ಕೊಡವಿಕೊಂಡು, ಅವನ ಪಕ್ಕದಲ್ಲಿ ಬಂದು ಕೂಡುತ್ತಾಳೆ.